ಜನರ ಮಾತು, ಜನರ ಅಡುಗೆ: ಪೇಟರ್ ಕ್ರಿಸ್ಟನ್ ಆಸ್ಬ್ಯೋರ್ನ್‌ಸೆನ್ನರ ಬದುಕು ಮತ್ತು ಜಾನಪದ ದೃಷ್ಟಿ

ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಜನಪದ ಕಥೆಗಳ ಸಂಗ್ರಹವು ವಿದ್ವಾಂಸರ ಹವ್ಯಾಸವಷ್ಟೇ ಆಗಿರಲಿಲ್ಲ. ಹಲವು ನಾಡುಗಳಲ್ಲಿ ಅದು ಭಾಷೆಯನ್ನು ಮರಳಿ ಪಡೆಯುವ ಕೆಲಸವೂ ಆಗಿತ್ತು. ಜರ್ಮನಿಯ ಗ್ರಿಮ್ ಸೋದರರಿಂದ ಪ್ರೇರಣೆ ಪಡೆದು ನಾರ್ವೆಯಲ್ಲಿ ಈ ಕೆಲಸವನ್ನು ಕೈಗೊಂಡವರಲ್ಲಿ ಪೇಟರ್ ಕ್ರಿಸ್ಟನ್ ಆಸ್ಬ್ಯೋರ್ನ್‌ಸೆನ್ (1812–1885) ಪ್ರಮುಖರು. ಕಥಾಸಂಗ್ರಾಹಕರೆಂದು ಪ್ರಸಿದ್ಧರಾದ ಇವರು ಪ್ರಾಣಿವಿಜ್ಞಾನಿ, ಅರಣ್ಯಾಧಿಕಾರಿ ಮತ್ತು ಪಾಕಶಾಸ್ತ್ರ ಗ್ರಂಥವೊಂದರ ಕರ್ತೃವೂ ಹೌದು. ಹಳ್ಳಿಗರ ನಾಲಗೆಯ ಮೇಲಿನ ಕಥೆಗೆ ಗ್ರಂಥದ ಗೌರವ ತಂದುಕೊಟ್ಟ ಈ ವಿದ್ವಾಂಸರೇ ಅದೇ ಹಳ್ಳಿಗರ ಗಂಜಿಯ ಮಡಕೆಯನ್ನು ಅವಿವೇಕದ ಕುರುಹೆಂದು ಖಂಡಿಸಿದರು. ಜನರ ಮಾತನ್ನು ನಂಬಿದವರು ಜನರ ಅಡುಗೆಯನ್ನು ನಂಬದೆ ಹೋದ ಈ ವೈರುಧ್ಯವು ಜಾನಪದ ಅಧ್ಯಯನದ ಒಂದು ಮೂಲಭೂತ ಪ್ರಶ್ನೆಯನ್ನು ಎತ್ತುತ್ತದೆ.

ಆಸ್ಬ್ಯೋರ್ನ್‌ಸೆನ್ನರ ಕೆಲಸದ ಮಹತ್ವವನ್ನು ಅರಿಯಲು ಅಂದಿನ ನಾರ್ವೆಯ ಭಾಷಿಕ ಸ್ಥಿತಿಯನ್ನು ಗಮನಿಸಬೇಕು. ಶತಮಾನಗಳ ಕಾಲ ಡೆನ್ಮಾರ್ಕಿನ ಅರಸರ ಆಳ್ವಿಕೆಯಲ್ಲಿದ್ದ ಈ ನಾಡು 1814ರಲ್ಲಿ ಅದರಿಂದ ಬೇರ್ಪಟ್ಟು ತನ್ನದೇ ಸಂವಿಧಾನವನ್ನು ರಚಿಸಿಕೊಂಡಿತು. ಅದೇ ವರ್ಷ ಸ್ವೀಡನ್ನಿನೊಡನೆ ಒಬ್ಬನೇ ಅರಸನ ಅಡಿಯಲ್ಲಿ ಸೇರಿಕೊಂಡು 1905ರವರೆಗೆ ಆ ಒಕ್ಕೂಟದಲ್ಲಿ ಉಳಿಯಿತು. ರಾಜಕೀಯವಾಗಿ ಡೆನ್ಮಾರ್ಕಿನ ಹಂಗು ಹರಿದರೂ ಬರವಣಿಗೆಯಲ್ಲಿ ಅದು ಹರಿಯಲಿಲ್ಲ. ಚರ್ಚು, ಶಾಲೆ, ನ್ಯಾಯಾಲಯ, ಪತ್ರಿಕೆ ಎಲ್ಲೆಡೆಯೂ ಬರಹದ ಭಾಷೆ ಡ್ಯಾನಿಶ್ ಆಗಿತ್ತು. ಕಣಿವೆಗೊಂದರಂತೆ ಬದಲಾಗುವ ನಾರ್ವೆಯ ಆಡುಮಾತುಗಳು ಬರಹಕ್ಕೆ ಅನರ್ಹವೆಂದು ಭಾವಿಸಲಾಗಿತ್ತು. ಆಡುವ ನುಡಿಗೂ ಬರೆಯುವ ನುಡಿಗೂ ನಡುವಿನ ಈ ಬಿರುಕಿನಲ್ಲಿಯೇ ಆಸ್ಬ್ಯೋರ್ನ್‌ಸೆನ್ನರ ಸಾಧನೆ ರೂಪುಗೊಂಡಿತು.

ಅವರು ಹುಟ್ಟಿದ್ದು 1812ರ ಜನವರಿ 15ರಂದು, ಇಂದು ಓಸ್ಲೋ ಎಂದು ಕರೆಯಲಾಗುವ ಕ್ರಿಸ್ಟಿಯಾನಿಯಾ ನಗರದಲ್ಲಿ. ತಂದೆ ಕಿಟಕಿಗಳಿಗೆ ಗಾಜು ಕೂರಿಸುವ ಕಸುಬಿನವರು. ಹದಿಹರೆಯದಲ್ಲಿ ಓದಿಗಾಗಿ ರಿಂಗೆರಿಕೆ ಪ್ರದೇಶದ ನೂರ್ಡರ್‌ಹೋವ್‌ಗೆ ಹೋದಾಗ ಅಲ್ಲಿನ ರೈತ ಮನೆತನದ ಯೋರ್ಗನ್ ಮೋ (1813–1882) ಅವರ ಗೆಳೆತನವಾಯಿತು. ಒಬ್ಬರು ನಗರದ ಕುಶಲಕರ್ಮಿಯ ಮಗ, ಇನ್ನೊಬ್ಬರು ಹಳ್ಳಿಯ ರೈತನ ಮಗ. ಮುಂದೆ ಮೋ ಅವರು ಕವಿಯಾಗಿ, ಪಾದ್ರಿಯಾಗಿ, ಕೊನೆಗೆ ಕ್ರಿಸ್ಟಿಯಾನ್‌ಸಾಂಡ್‌ನ ಬಿಷಪ್ಪರಾಗಿ ಬೇರೆಯೇ ದಾರಿ ಹಿಡಿದರೂ ನಾರ್ವೆಯಲ್ಲಿ ಈ ಇಬ್ಬರ ಹೆಸರುಗಳು ಇಂದಿಗೂ ಜೋಡಿಪದದಂತೆ ಒಟ್ಟಿಗೆ ಉಚ್ಚಾರಗೊಳ್ಳುತ್ತವೆ.

1833ರಲ್ಲಿ ವಿಶ್ವವಿದ್ಯಾಲಯವನ್ನು ಸೇರಿದ ಆಸ್ಬ್ಯೋರ್ನ್‌ಸೆನ್ನರು ಹಣದ ಅಡಚಣೆಯಿಂದ ರೂಮರಿಕೆ ಪ್ರದೇಶದಲ್ಲಿ ಕೆಲವು ವರ್ಷ ಮನೆಪಾಠದ ಶಿಕ್ಷಕರಾಗಿ ದುಡಿದರು. ಅದೇ 1833ರಲ್ಲಿ ಆಂದ್ರೆಯಾಸ್ ಫಾಯೆ ಎಂಬ ಪಾದ್ರಿ ನಾರ್ವೆಯ ಐತಿಹ್ಯಗಳ ಸಂಗ್ರಹವನ್ನು ಪ್ರಕಟಿಸಿದ್ದರು. ಅದರಿಂದ ಉತ್ತೇಜಿತರಾದ ಯುವ ಶಿಕ್ಷಕರು ತಾವಿದ್ದ ಊರುಗಳಲ್ಲಿ ಕೇಳಿದ್ದನ್ನು ಬರೆದಿಟ್ಟುಕೊಳ್ಳತೊಡಗಿದರು. ಗೆಳೆಯ ಮೋ ಅವರೂ ಇದೇ ಕೆಲಸದಲ್ಲಿ ತೊಡಗಿರುವುದು ತಿಳಿದಾಗ ಇಬ್ಬರೂ ಕೂಡಿ ಮುಂದುವರಿಯಲು ನಿರ್ಧರಿಸಿದರು. 1838ರ ಮಕ್ಕಳ ಸಚಿತ್ರ ಪುಸ್ತಕವೊಂದರಲ್ಲಿ ಆಸ್ಬ್ಯೋರ್ನ್‌ಸೆನ್ನರು ನಿರೂಪಿಸಿದ ಕೆಲವು ಕಥೆಗಳು ಮೊದಲು ಬೆಳಕು ಕಂಡವು.

ಈ ಗೆಳೆಯರ 'ನಾರ್ವೆಯ ಜನಪದ ಕಥೆಗಳು' ಸಂಗ್ರಹದ ಮೊದಲ ಕಂತು ಹೊರಬಂದದ್ದು 1841ರ ಕೊನೆಯಲ್ಲಿ. ಉಳಿದ ಕಂತುಗಳು 1844ರವರೆಗೆ ಪ್ರಕಟವಾದವು. ಅವರ ಮುಂದಿದ್ದ ಮುಖ್ಯ ಸಮಸ್ಯೆ ಕಥೆಗಳ ಕೊರತೆಯಲ್ಲ, ಬರೆಯುವ ಭಾಷೆಯದು. ಶುದ್ಧ ಡ್ಯಾನಿಶಿನಲ್ಲಿ ಬರೆದರೆ ಕಥೆಯ ಜೀವ ಹೋಗುತ್ತಿತ್ತು. ಒಂದೊಂದು ಕಣಿವೆಯ ಆಡುಮಾತಿನಲ್ಲಿಯೇ ಬರೆದರೆ ನಾಡಿನ ಉಳಿದ ಓದುಗರಿಗೆ ಅದು ದಕ್ಕುತ್ತಿರಲಿಲ್ಲ. ಅವರು ನಡುದಾರಿಯೊಂದನ್ನು ಕಂಡುಕೊಂಡರು. ಕಾಗುಣಿತದ ಚೌಕಟ್ಟು ಡ್ಯಾನಿಶಿನದೇ ಆಗಿ ಉಳಿಯಿತು. ವಾಕ್ಯದ ಓಟ ಮಾತ್ರ ಹೇಳುವವರದು. ಡ್ಯಾನಿಶಿನಲ್ಲಿ ಸಮಾನಪದವಿಲ್ಲದ ನಾರ್ವೆಯ ಪದಗಳನ್ನು ಅಳುಕಿಲ್ಲದೆ ಉಳಿಸಿಕೊಂಡರು. ದೀರ್ಘವಾದ ಉಪವಾಕ್ಯಗಳ ಹೆಣಿಗೆಯನ್ನು ಬಿಟ್ಟು, ಒಂದರ ಹಿಂದೆ ಒಂದು ಬರುವ ಸಣ್ಣ ವಾಕ್ಯಗಳನ್ನು ಬಳಸಿದರು. ಬೂದಿಯ ಬಳಿ ಕೂರುವ ಕಿರಿಯ ಮಗ ಅಣ್ಣಂದಿರನ್ನು ಮೀರಿಸಿ ರಾಜಕುಮಾರಿಯನ್ನೂ ಅರ್ಧರಾಜ್ಯವನ್ನೂ ಪಡೆಯುವ ಕಥೆಗಳಲ್ಲಿ ಅರಸನೂ ಹಳ್ಳಿಯ ದೊಡ್ಡ ರೈತನಂತೆಯೇ ಮಾತನಾಡುತ್ತಾನೆ. ಯಾಕೊಬ್ ಗ್ರಿಮ್ ಅವರು ಈ ಕಥೆಗಳನ್ನು ಬಹುವಾಗಿ ಮೆಚ್ಚಿಕೊಂಡರು. 1859ರಲ್ಲಿ ಜಾರ್ಜ್ ಡೇಸೆಂಟ್ ಅವರ ಇಂಗ್ಲಿಷ್ ಅನುವಾದ ಹೊರಬಂದ ಮೇಲೆ ಇವು ನಾರ್ವೆಯ ಆಚೆಗೂ ಹರಡಿದವು.

ಇದೇ ಅವಧಿಯಲ್ಲಿ, 1845 ಮತ್ತು 1848ರಲ್ಲಿ, ಆಸ್ಬ್ಯೋರ್ನ್‌ಸೆನ್ನರು ತಾವೊಬ್ಬರೇ ಸಿದ್ಧಪಡಿಸಿದ ಎರಡು ಸಂಪುಟಗಳನ್ನು ಪ್ರಕಟಿಸಿದರು. ಅವು ಕಾಡಿನಲ್ಲಿ ಕಾಣಿಸಿಕೊಳ್ಳುವ ಹುಲ್ದ್ರಾ ಎಂಬ ಬಾಲವುಳ್ಳ ಚೆಲುವೆ ಮತ್ತು ಇತರ ಅಗೋಚರ ಜೀವಿಗಳನ್ನು ಕುರಿತ ಐತಿಹ್ಯಗಳು. ಇಲ್ಲಿ ಅವರು ಕಥೆಗಳನ್ನು ಬಿಡಿಬಿಡಿಯಾಗಿ ಕೊಡದೆ, ಅವು ಹೇಳಲ್ಪಡುವ ಸಂದರ್ಭವನ್ನೂ ಚಿತ್ರಿಸಿದರು. ಬೇಟೆಗೆ ಹೋದ ರಾತ್ರಿಯ ಬೆಂಕಿ, ಕ್ರಿಸ್ಮಸ್ ಸಂಜೆಯ ಹಳೆಯ ಮನೆ, ಗೋರಿ ತೋಡುವವನ ಮಾತು, ಇವೆಲ್ಲ ಕಥೆಗೆ ಚೌಕಟ್ಟಾದವು. ಹೇಳುವವರು, ಕೇಳುವವರು ಮತ್ತು ಹೇಳುವ ಹೊತ್ತು ಸೇರಿಯೇ ಕಥೆಯಾಗುತ್ತದೆ ಎಂಬ ಅರಿವು ಅವರಿಗಿತ್ತು. ಇವು ಸಾಹಿತ್ಯಕೃತಿಯಂತೆ ತಿದ್ದಿ ಬರೆದ ಚೌಕಟ್ಟುಗಳೆಂಬುದು ನಿಜವಾದರೂ, ಕಥನಸಂದರ್ಭದ ಬಗೆಗಿನ ಈ ಎಚ್ಚರ ಆ ಕಾಲಕ್ಕೆ ಗಮನಾರ್ಹವಾದುದು.

ಭಾಷೆಯ ಪ್ರಶ್ನೆಗೆ ಬೇರೊಂದು ಉತ್ತರವನ್ನು ಅದೇ ಪೀಳಿಗೆಯ ಈವಾರ್ ಓಸೆನ್ (1813–1896) ಅವರು ಕೊಟ್ಟರು. ಅವರು ಹಳ್ಳಿಗಳನ್ನು ಸುತ್ತಿ, 1848ರಲ್ಲಿ ಆಡುಮಾತುಗಳ ವ್ಯಾಕರಣವನ್ನೂ 1850ರಲ್ಲಿ ನಿಘಂಟನ್ನೂ ಪ್ರಕಟಿಸಿ, ಡ್ಯಾನಿಶನ್ನು ಬದಿಗಿಟ್ಟು ಹೊಸ ಬರಹಭಾಷೆಯೊಂದನ್ನೇ ಕಟ್ಟಿದರು. ಇಂದಿನ ನೂನೋಶ್ಕ್ ಎಂಬ ರೂಪಕ್ಕೆ ಅದೇ ಮೂಲ. ಆಸ್ಬ್ಯೋರ್ನ್‌ಸೆನ್ ಮತ್ತು ಮೋ ಅವರದು ಒಳಗಿನಿಂದಲೇ ಬದಲಿಸುವ ದಾರಿ. ನಂತರದ ಆವೃತ್ತಿಗಳಲ್ಲಿ ಆಸ್ಬ್ಯೋರ್ನ್‌ಸೆನ್ನರು ಕಥೆಗಳ ಭಾಷೆಯನ್ನು ಹೆಚ್ಚು ಹೆಚ್ಚು ನಾರ್ವೆಯದಾಗಿಸುತ್ತ ಹೋದರು. ಇಂದು ಬಹುಸಂಖ್ಯಾತರು ಬಳಸುವ ಬೂಕ್ಮೋಲ್ ಎಂಬ ಬರಹರೂಪದ ಬೆಳವಣಿಗೆಯಲ್ಲಿ ಈ ಕಥೆಗಳ ಪಾತ್ರ ದೊಡ್ಡದು.

ಕಥೆಗಳು ಕೀರ್ತಿ ತಂದರೂ ಜೀವನೋಪಾಯವಾಗಲಿಲ್ಲ. ಆಸ್ಬ್ಯೋರ್ನ್‌ಸೆನ್ನರ ವೃತ್ತಿ ನಿಸರ್ಗವಿಜ್ಞಾನದ್ದು. 1853ರಲ್ಲಿ ಅವರು ಹಾರ್ಡಾಂಗರ್ ಫ್ಯೋರ್ಡಿನ ಆಳದಿಂದ ಹಲವು ತೋಳುಗಳ ಅಪರೂಪದ ನಕ್ಷತ್ರಮೀನನ್ನು ಹೊರತೆಗೆದರು. ಪುರಾಣದಲ್ಲಿ ಫ್ರೇಯಾ ದೇವತೆ ಧರಿಸುವ ಕಂಠಾಭರಣದ ಹೆಸರನ್ನು ಆಧರಿಸಿ ಅದನ್ನು ಬ್ರಿಸಿಂಗಾ ಎಂದು ಕರೆದರು. ವಿಜ್ಞಾನ ಮತ್ತು ಪುರಾಣ ಅವರ ಮನಸ್ಸಿನಲ್ಲಿ ಬೇರೆ ಬೇರೆ ಕೋಣೆಗಳಾಗಿರಲಿಲ್ಲವೆಂಬುದಕ್ಕೆ ಈ ನಾಮಕರಣವೇ ಸಾಕ್ಷಿ. ಜರ್ಮನಿಯ ಥರಾಂಟ್‌ನಲ್ಲಿ ಅರಣ್ಯಶಾಸ್ತ್ರವನ್ನು ಅಭ್ಯಾಸ ಮಾಡಿ ಬಂದು 1860ರಲ್ಲಿ ಟ್ರೋಂಡ್‌ಹೈಮ್ ಭಾಗದ ಅರಣ್ಯಾಧಿಕಾರಿಯಾದರು. 1861ರಲ್ಲಿ ಡಾರ್ವಿನ್ನನ ಹೊಸ ಸಿದ್ಧಾಂತವನ್ನು ನಾರ್ವೆಯ ಓದುಗರಿಗೆ ಲೇಖನದ ಮೂಲಕ ಪರಿಚಯಿಸಿದರು.

ವಿಜ್ಞಾನದ ಮೇಲಿನ ಈ ವಿಶ್ವಾಸವೇ 1864ರಲ್ಲಿ ಅಡುಗೆಮನೆಯನ್ನು ಪ್ರವೇಶಿಸಿತು. ಆ ವರ್ಷ ಅವರು ಕ್ಲೆಮೆನ್ಸ್ ಬೊನಿಫಾಸಿಯುಸ್ ಎಂಬ ಗುಪ್ತನಾಮದಲ್ಲಿ, ವಿವೇಕಯುತ ಅಡುಗೆ ಎಂಬ ಅರ್ಥದ ಶೀರ್ಷಿಕೆಯುಳ್ಳ ಪುಸ್ತಕವೊಂದನ್ನು ಹೊರತಂದರು. ನಾರ್ವೆಯ ರೈತರ ದಿನನಿತ್ಯದ ಆಹಾರ ಗ್ರೋಟ್ ಎಂಬ ಹಿಟ್ಟಿನ ಗಂಜಿ. ಬಾರ್ಲಿ ಅಥವಾ ಓಟ್ಸ್ ಹಿಟ್ಟನ್ನು ಕುದಿಯುವ ನೀರಿನಲ್ಲಿ ತೊಳಸಿ ಮಾಡುವ ಇದನ್ನು ನಮ್ಮ ಅಂಬಲಿಗೂ ಮುದ್ದೆಗೂ ನಡುವಿನ ಹದದ್ದೆಂದು ತಿಳಿಯಬಹುದು. ಗಂಜಿ ಬೆಂದು ಇಳಿಸುವ ಹೊತ್ತಿಗೆ ಹೆಂಗಸರು ಇನ್ನಷ್ಟು ಹಸಿಹಿಟ್ಟನ್ನು ಹಾಕಿ ತೊಳಸುತ್ತಿದ್ದರು. ಹೀಗೆ ಬೇಯದೆ ಉಳಿದ ಹಿಟ್ಟು ದೇಹಕ್ಕೆ ದಕ್ಕದೆ ವ್ಯರ್ಥವಾಗುತ್ತದೆ, ಇದು ಬಡ ದೇಶವೊಂದು ತನ್ನ ಧಾನ್ಯವನ್ನು ಮನೆಮನೆಯಲ್ಲೂ ಪೋಲು ಮಾಡುವ ಕ್ರಮ ಎಂಬುದು ಆಸ್ಬ್ಯೋರ್ನ್‌ಸೆನ್ನರ ವಾದ. ಹಳ್ಳಿಯ ಅಡುಗೆಯ ಹೆಂಗಸರು ಅವರ ದೃಷ್ಟಿಯಲ್ಲಿ ತಿದ್ದಬೇಕಾದವರಾಗಿದ್ದರು.

ಇದನ್ನು ಪ್ರತಿಭಟಿಸಿದವರು ಐಲರ್ಟ್ ಸುಂಟ್ (1817–1875). ದೇವತಾಶಾಸ್ತ್ರವನ್ನು ಓದಿದ್ದ ಸುಂಟರು 1850ರಿಂದ ಸರ್ಕಾರದ ನೆರವಿನಿಂದ ನಾಡನ್ನು ಸುತ್ತಿ ಅಲೆಮಾರಿಗಳು, ಮದುವೆ, ಮರಣ ಪ್ರಮಾಣ, ವಸತಿ ಮುಂತಾದವುಗಳನ್ನು ಅಧ್ಯಯನ ಮಾಡಿದವರು. ಜನಶಿಕ್ಷಣಕ್ಕೆ ಮೀಸಲಾದ ಪತ್ರಿಕೆಯೊಂದರ ಸಂಪಾದಕರೂ ಆಗಿದ್ದರು. ಇಷ್ಟೊಂದು ವ್ಯಾಪಕವಾಗಿ ಹರಡಿರುವ, ತಾಯಿಯಿಂದ ಮಗಳಿಗೆ ಬಂದಿರುವ ಪದ್ಧತಿಗೆ ಕಾರಣವಿದ್ದೇ ತೀರಬೇಕು. ಆ ಕಾರಣವನ್ನು ಹುಡುಕುವ ಮೊದಲೇ ಅದನ್ನು ಮೌಢ್ಯವೆಂದು ಕರೆಯುವುದು ಸಲ್ಲದು ಎಂಬುದು ಅವರ ನಿಲುವು. ಗಂಜಿಯ ಜಗಳವೆಂದು ಹೆಸರಾದ ಈ ವಾಗ್ವಾದ ಎರಡು ಮೂರು ವರ್ಷ ನಡೆಯಿತು. ಮೇಲ್ನೋಟಕ್ಕೆ ಹಿಡಿ ಹಿಟ್ಟಿನ ಪ್ರಶ್ನೆಯಾದರೂ ಒಳಗೆ ಅದು ಜ್ಞಾನ ಯಾರದು ಎಂಬ ಪ್ರಶ್ನೆಯಾಗಿತ್ತು. ಇಪ್ಪತ್ತನೆಯ ಶತಮಾನದ ಆಹಾರಸಂಸ್ಕೃತಿಯ ಅಧ್ಯಯನಗಳು ಈ ಪ್ರಕರಣವನ್ನು ಮರಳಿ ಪರಿಶೀಲಿಸಿ ಸುಂಟರ ಕಡೆಗೆ ಒಲವು ತೋರಿವೆ. ಹಸಿಹಿಟ್ಟಿನಲ್ಲಿರುವ ಕಿಣ್ವವೊಂದು ಧಾನ್ಯದ ಖನಿಜಾಂಶಗಳು ದೇಹಕ್ಕೆ ಒದಗಲು ನೆರವಾಗುತ್ತದೆಂದೂ, ಕುದಿಸಿದಾಗ ಅದು ನಾಶವಾಗುತ್ತದೆಂದೂ ಇಂದಿನ ಪೋಷಣಶಾಸ್ತ್ರ ತಿಳಿಸುತ್ತದೆ.

ಆಸ್ಬ್ಯೋರ್ನ್‌ಸೆನ್ನರ ಸ್ವಂತ ಸಂಗ್ರಹಗಳಲ್ಲಿಯೇ ಗಂಜಿಗೆ ಇರುವ ಸ್ಥಾನವನ್ನು ಇಲ್ಲಿ ನೆನೆಯಬೇಕು. ಕಿರಿಯ ಮಗನು ಟ್ರೋಲ್ ಎಂಬ ದೈತ್ಯನನ್ನು ಸೋಲಿಸುವುದು ಗಂಜಿ ಉಣ್ಣುವ ಪಂದ್ಯದಲ್ಲಿ. ಮನೆ, ಕೊಟ್ಟಿಗೆಗಳನ್ನು ಕಾಯುವ ನಿಸ್ಸೆ ಎಂಬ ಕುಬ್ಜ ದೈವಕ್ಕೆ ಕ್ರಿಸ್ಮಸ್ ರಾತ್ರಿ ಗಂಜಿಯ ಎಡೆ ಇಡಬೇಕು. ಆ ಎಡೆಯನ್ನು ತಾನೇ ತಿಂದ ಹುಡುಗಿಯನ್ನು ನಿಸ್ಸೆ ಪ್ರಾಣ ಹೋಗುವಂತೆ ಕುಣಿಸುತ್ತಾನೆ. ಇವುಗಳಿಗಿಂತ ಮುಖ್ಯವಾದುದು ಮನೆವಾರ್ತೆ ನೋಡಿಕೊಳ್ಳಲು ಹೊರಟ ಗಂಡನ ಕಥೆ. ಹೆಂಡತಿಯ ಕೆಲಸವನ್ನು ಸದಾ ಹಳಿಯುವ ಈತ ಒಂದು ದಿನ ಅವಳನ್ನು ಹುಲ್ಲು ಕೊಯ್ಯಲು ಕಳುಹಿಸಿ ತಾನು ಮನೆಯಲ್ಲಿ ಉಳಿಯುತ್ತಾನೆ. ಬೆಣ್ಣೆ ಕಡೆಯುವುದರಿಂದ ಹಿಡಿದು ಎಲ್ಲವೂ ಕೆಡುತ್ತ ಬಂದು, ಕೊನೆಗೆ ತಲೆಕೆಳಗಾಗಿ ಗಂಜಿಯ ಮಡಕೆಯಲ್ಲಿ ಬೀಳುತ್ತಾನೆ. ಹಲವು ನಾಡುಗಳಲ್ಲಿ ದೊರೆಯುವ ಈ ಕಥೆ ಅಂತರರಾಷ್ಟ್ರೀಯ ವರ್ಗಸೂಚಿಯಲ್ಲಿ 1408ನೆಯ ವರ್ಗಕ್ಕೆ ಸೇರುತ್ತದೆ. ಗಂಜಿಯ ಜಗಳಕ್ಕೆ ಬಹಳ ಮೊದಲೇ ಆಸ್ಬ್ಯೋರ್ನ್‌ಸೆನ್ ಮತ್ತು ಮೋ ಇದನ್ನು ಅಚ್ಚು ಮಾಡಿಸಿದ್ದರು. ಹೆಂಗಸರ ಅಡುಗೆಯನ್ನು ತಿದ್ದಹೊರಟ ವಿದ್ವಾಂಸರಿಗೆ ಜನಪದವು ಉತ್ತರವನ್ನು ಮುಂಗಡವಾಗಿಯೇ ಕೊಟ್ಟಿತ್ತು. ಅದನ್ನು ಅವರು ನಗೆಯ ಕಥೆಯಾಗಿ ಕಂಡರೇ ಹೊರತು ಜ್ಞಾನವಾಗಿ ಕಾಣಲಿಲ್ಲ.

1864ರ ನಂತರ ಆಸ್ಬ್ಯೋರ್ನ್‌ಸೆನ್ನರು ಇಂಧನವಾಗಿ ಬಳಸುವ ಪೀಟ್ ಮಣ್ಣಿನ ಉತ್ಪಾದನೆಯ ಉಸ್ತುವಾರಿಯಲ್ಲಿ ತೊಡಗಿ, 1876ರಲ್ಲಿ ನಿವೃತ್ತರಾದರು. ಅವಿವಾಹಿತರಾಗಿಯೇ ಉಳಿದ ಅವರ ಕೊನೆಯ ವರ್ಷಗಳು ಮತ್ತೆ ಕಥೆಗಳಿಗೆ ಮೀಸಲಾದವು. 1879ರ ಸಚಿತ್ರ ಆವೃತ್ತಿಗೆ ಎರಿಕ್ ವೆರೆನ್‌ಶೋಲ್ಡ್, ಆನಂತರ ಮಕ್ಕಳ ಆವೃತ್ತಿಗೆ ಥೆಯೋದೋರ್ ಕಿಟ್ಟೆಲ್ಸೆನ್ ಮುಂತಾದ ಕಲಾವಿದರು ಚಿತ್ರ ಬರೆದರು. ನಾರ್ವೆಯ ಜನರ ಕಲ್ಪನೆಯಲ್ಲಿ ಟ್ರೋಲ್‌ನ ರೂಪ ನೆಲೆಗೊಂಡದ್ದು ಈ ಚಿತ್ರಗಳಿಂದ. ಸಂಗ್ರಹದ ಪರಿಷ್ಕರಣೆಯ ಹೊಣೆ ಮುಂದೆ ಯೋರ್ಗನ್ ಮೋ ಅವರ ಮಗ ಮೋಲ್ಟ್ಕೆ ಮೋ (1859–1913) ಅವರಿಗೆ ಬಂತು. 1885ರ ಜನವರಿಯಲ್ಲಿ ಆಸ್ಬ್ಯೋರ್ನ್‌ಸೆನ್ನರು ಕ್ರಿಸ್ಟಿಯಾನಿಯಾದಲ್ಲಿ ನಿಧನರಾದರು. ಅದೇ ವರ್ಷದ ಮೇ ತಿಂಗಳಲ್ಲಿ ನಾರ್ವೆಯ ಸಂಸತ್ತು ಓಸೆನ್ನರ ಭಾಷೆಗೂ ಡ್ಯಾನಿಶ್ ಮೂಲದ ಬರಹಭಾಷೆಗೂ ಸಮಾನ ಸ್ಥಾನ ನೀಡುವ ನಿರ್ಣಯವನ್ನು ಅಂಗೀಕರಿಸಿತು.

ಆಸ್ಬ್ಯೋರ್ನ್‌ಸೆನ್ನರ ಕೊಡುಗೆಯನ್ನು ಗಂಜಿಯ ಜಗಳದಿಂದ ಅಳೆಯಲಾಗದು. ಹಸಿದ ನಾಡಿನ ಧಾನ್ಯ ಉಳಿಯಲೆಂಬ ಕಾಳಜಿಯೇ ಅವರನ್ನು ಆ ವಾದಕ್ಕೆ ಎಳೆದದ್ದು. ಆದರೆ ಆ ಜಗಳವು ಅವರ ಜಾನಪದ ದೃಷ್ಟಿಯ ಎಲ್ಲೆಯನ್ನು ತೋರಿಸಿಕೊಡುತ್ತದೆ. ಜನಪದವನ್ನು ಕಥೆ, ಹಾಡು, ಗಾದೆಗಳ ಭಂಡಾರವೆಂದು ಮಾತ್ರ ಗ್ರಹಿಸಿದಾಗ ಅದೇ ಜನರ ಅಡುಗೆ, ಬೇಸಾಯ, ಮದ್ದುಗಳು ತಿದ್ದುಪಡಿಗೆ ಕಾದಿರುವ ತಪ್ಪುಗಳಾಗಿ ಕಾಣುತ್ತವೆ. ಕಥೆ ಹೇಳಿದ ಹೆಂಗಸೂ ಗಂಜಿ ತೊಳಸಿದ ಹೆಂಗಸೂ ಒಬ್ಬಳೇ. ಮೊದಲನೆಯವಳ ಮಾತನ್ನು ಆಸ್ಬ್ಯೋರ್ನ್‌ಸೆನ್ನರು ಕಿವಿಗೊಟ್ಟು ಕೇಳಿದರು. ಎರಡನೆಯವಳನ್ನು ಕೇಳುವ ಕೆಲಸವನ್ನು ಸುಂಟರು ಆರಂಭಿಸಿದರು. ಮೌಖಿಕ ಪರಂಪರೆಯನ್ನು ದಾಖಲಿಸುವ ಸಂಶೋಧಕರು ಈ ಇಬ್ಬರನ್ನೂ ಒಟ್ಟಿಗೆ ಓದಿಕೊಳ್ಳುವುದು ಅಗತ್ಯ.