ತೆರೇಸ್ ದ ಡಿಲ್ಮೋಂಟ್: ಆಕೆಯ ಜೀವಿತವೂ ಆಕೆಯ ಗ್ರಂಥವೂ

ಯೊಪ್ಪದ ದೊರ್ಕಳ ವೃತ್ತಾಂತವನ್ನು ನಮ್ಮ ಶಾಲೆಯಲ್ಲಿ ಓದಿದವರಾರೂ ಮರೆತಿರಲಾರರು. ಆಕೆಯು ತೀರಿಕೊಂಡಾಗ ಊರಿನ ವಿಧವೆಯರು ಆಕೆ ಮಾಡಿಕೊಟ್ಟ ವಸ್ತ್ರಗಳನ್ನು ಪೇತ್ರನಿಗೆ ತೋರಿಸಿ ಅತ್ತರೆಂದು ಅಪೊಸ್ತಲರ ಕೃತ್ಯಗಳು ತಿಳಿಸುವುದು. ಹೊಲಿಗೆಯ ಕೆಲಸಕ್ಕೆ ಇದಕ್ಕಿಂತ ಹೆಚ್ಚಿನ ಗೌರವವು ಬೇಕಾಗಿಲ್ಲ. ಆದರೆ ವಸ್ತ್ರವು ಸವೆದು ಹರಿಯತಕ್ಕದ್ದು. ಹೊಲಿದ ಕೈಯೂ ಒಂದು ದಿನ ಮಣ್ಣಿಗೆ ಸೇರತಕ್ಕದ್ದು. ಆ ಕೈಯಲ್ಲಿದ್ದ ವಿದ್ಯೆಯು ಉಳಿಯುವ ಬಗೆ ಹೇಗೆ? ಈ ಪ್ರಶ್ನೆಗೆ ತನ್ನ ಕೆಲಸದಿಂದಲೇ ಉತ್ತರ ಕೊಟ್ಟ ಸ್ತ್ರೀಯೊಬ್ಬಳ ಚರಿತ್ರೆಯನ್ನು ವಾಚಕರ ಮುಂದಿಡಲು ಅಪೇಕ್ಷಿಸುತ್ತೇವೆ.

ತೆರೇಸ್ ದ ಡಿಲ್ಮೋಂಟ್ ಎಂಬ ಈಕೆಯು 1846ನೆಯ ಇಸವಿ ಅಕ್ಟೋಬರ್ 10ನೆಯ ತಾರೀಖಿನಲ್ಲಿ ಆಸ್ಟ್ರಿಯಾ ದೇಶದ ವೀನರ್ ನೊಯ್‌ಷ್ಟಾಟ್ ಎಂಬ ಪಟ್ಟಣದಲ್ಲಿ ಜನಿಸಿದಳು. ತಂದೆಯು ಅಲ್ಲಿಯ ಸೈನಿಕ ವಿದ್ಯಾಲಯದಲ್ಲಿ ಉಪಾಧ್ಯಾಯನಾಗಿದ್ದನು. ಈಕೆಯು ಇನ್ನೂ ಬಾಲಿಕೆಯಾಗಿರುವಾಗಲೇ ಆತನು ತೀರಿಹೋದುದರಿಂದ ತಾಯಿಯು ಮಕ್ಕಳನ್ನು ಕರೆದುಕೊಂಡು ವಿಯೆನ್ನಾ ನಗರವನ್ನು ಸೇರಿದಳು. ಯಜಮಾನನನ್ನು ಕಳೆದುಕೊಂಡ ಮನೆಯ ಹೆಣ್ಣುಮಕ್ಕಳಿಗೆ ಆ ಕಾಲದಲ್ಲಿ ಮಾನದಿಂದ ಜೀವಿಸುವ ದಾರಿಗಳು ಬಹಳವಾಗಿರಲಿಲ್ಲ. ಸೂಜಿಯ ಕೆಲಸವು ಅವುಗಳಲ್ಲೊಂದು. ತೆರೇಸಳು ದೊಡ್ಡವಳಾದ ಮೇಲೆ ತನ್ನ ಸಹೋದರಿಯಾದ ಫ್ರಾಂಜಿಸ್ಕಳೊಡನೆ ಕೂಡಿ ವಿಯೆನ್ನಾದಲ್ಲಿ ಕಸೂತಿಯ ಕಾರ್ಯಾಲಯವೊಂದನ್ನು ತೆರೆದಳು.

1884ರಲ್ಲಿ ಈಕೆಯು ವಿಯೆನ್ನಾವನ್ನು ಬಿಟ್ಟು ಆಲ್ಸಾಸ್ ಪ್ರಾಂತದ ಮ್ಯೂಲೂಸ್ ನಗರದ ಬಳಿಯ ಡೋರ್ನಾಖ್ ಎಂಬಲ್ಲಿಗೆ ಹೋಗಿ ಕಸೂತಿಯ ಶಾಲೆಯನ್ನು ಸ್ಥಾಪಿಸಿದಳು. ಮ್ಯೂಲೂಸ್ ನೂಲಿಗೂ ಅಚ್ಚಿನ ಬಟ್ಟೆಗೂ ಹೆಸರಾದ ಊರು. ನಮ್ಮಲ್ಲಿ ಡಿ.ಎಂ.ಸಿ. ಎಂಬ ಮೂರಕ್ಷರಗಳ ಚೀಟಿಯುಳ್ಳ ಬಣ್ಣದ ದಾರದ ಲಡಿಗಳನ್ನು ಕಾಣದವರು ವಿರಳ; ಆ ದಾರವನ್ನು ಮಾಡುವ ಡಾಲ್ಫಸ್ ಮೀಗ್ ಕಂಪೆನಿಯು 1746ರಲ್ಲಿ ಅಲ್ಲಿಯೇ ಹುಟ್ಟಿದುದು. ಮ್ಯೂಲೂಸಿಗೆ ನೆರೆಯಲ್ಲೇ ಇರುವುದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರ. ಅಲ್ಲಿಂದ ಕಳುಹಿಸಲ್ಪಟ್ಟ ಮಿಶನರಿಗಳು 1834ರಲ್ಲಿ ಮಂಗಳೂರಿಗೆ ಬಂದು, ಮುಂದೆ ನೇಯ್ಗೆಯ ಕಾರ್ಖಾನೆಗಳನ್ನೂ ಹೆಣ್ಣುಮಕ್ಕಳ ಶಾಲೆಗಳನ್ನೂ ಸ್ಥಾಪಿಸಿದ ಸಂಗತಿಯು ವಾಚಕರಿಗೆ ತಿಳಿದೇ ಇದೆ.

ಡೋರ್ನಾಖಿಗೆ ಬಂದ ಎರಡೇ ವರುಷಗಳಲ್ಲಿ, ಅಂದರೆ 1886ರಲ್ಲಿ, ಸೂಜಿಗೆಲಸದ ವಿಶ್ವಕೋಶವೆಂಬ ಈಕೆಯ ಗ್ರಂಥವು ಆ ಕಂಪೆನಿಯ ಸಹಾಯದಿಂದ ಪ್ರಕಟವಾಯಿತು. ಹಿಂದೆ ಇದ್ದ ಹೊಲಿಗೆ ಪುಸ್ತಕಗಳಲ್ಲಿ ಕೊರತೆಗಳನ್ನು ಕಂಡು, ಕೆಲಸದ ನಡುವೆ ತೊಡಕು ಬಂದಾಗ ಕೇಳಲು ಹತ್ತಿರದಲ್ಲಿ ಯಾರೂ ಇಲ್ಲದವರಿಗಾಗಿ ಇದನ್ನು ಬರೆದೆನೆಂದು ಈಕೆಯು ಮುನ್ನುಡಿಯಲ್ಲಿ ತಿಳಿಸಿರುವಳು. ದೊಡ್ಡ ಪಟ್ಟಣಗಳಿಂದ ದೂರವಿರುವ ಸ್ತ್ರೀಯರನ್ನೇ ಮುಖ್ಯವಾಗಿ ನೆನೆದಿರುವಳು. ಮಾದರಿಗಳನ್ನೆಲ್ಲಾ ಹೊಸದಾಗಿ ಹೊಲಿಸಿ ನೋಡಿಯೇ ವಿವರಣೆಯನ್ನು ಬರೆದಳು. ಆದುದರಿಂದಲೇ ಆ ವಿವರಣೆಯಲ್ಲಿ ಊಹೆಯ ಮಾತು ಕಾಣುವುದಿಲ್ಲ.

ಗ್ರಂಥದ ಕ್ರಮವೇ ಒಂದು ಪಾಠವಾಗಿದೆ. ಹೊಲಿಗೆಯ ಯಂತ್ರವು ಮನೆಮನೆಗೆ ಬರುತ್ತಿದ್ದ ಕಾಲವದು. ಆದರೂ ಈಕೆಯು ಸಾದಾ ಕೈಹೊಲಿಗೆಯನ್ನೇ ಮೊದಲನೆಯ ಅಧ್ಯಾಯವಾಗಿಟ್ಟು, ಉಳಿದ ಕೆಲಸಗಳಿಗೆಲ್ಲಾ ಅದೇ ಅಸ್ತಿವಾರವೆಂದು ಸಾಧಿಸಿದಳು. ಎರಡನೆಯದು ಹರಿದುದನ್ನು ರಫು ಮಾಡುವ ಅಧ್ಯಾಯ. ಅದು ಹೊಗಳಿಕೆ ಬಾರದ ಕೆಲಸವೆಂದು ಒಪ್ಪಿಕೊಂಡು, ಆದರೂ ಪ್ರತಿಯೊಬ್ಬ ಸ್ತ್ರೀಯೂ ಅದನ್ನು ಚೆನ್ನಾಗಿ ಕಲಿಯಬೇಕೆನ್ನುವಳು. ಅವುಗಳ ತರುವಾಯ ಮಾತ್ರವೇ ಬಿಳಿಯ ಕಸೂತಿ, ಜರಿಯ ಕೆಲಸ, ಹೆಣಿಗೆ, ಕ್ರೋಶೆ, ಮ್ಯಾಕ್ರಮೆ, ಲೇಸು ಮುಂತಾದುವು ಬರುವುವು. ಬಾಗಿ ಕುಗ್ಗಿ ಕುಳಿತುಕೊಳ್ಳುವಂತೆ ಮಾಡುವ ಸೂಜಿಗೆಲಸವು ಯಾವುದೂ ಇಲ್ಲ, ಕುರ್ಚಿಯೂ ಮೇಜೂ ಒಂದಕ್ಕೊಂದು ಒಪ್ಪುವ ಎತ್ತರದಲ್ಲಿರಬೇಕು, ಬಟ್ಟೆಯನ್ನು ಮೊಣಕಾಲಿಗೆ ಚುಚ್ಚಿಕೊಳ್ಳಬಾರದು ಎಂಬ ಬುದ್ಧಿವಾದವಿದೆ. ದಾರವು 40ರಿಂದ 50 ಸೆಂಟಿಮೀಟರಿಗಿಂತ ಉದ್ದವಿರಬಾರದೆಂಬ ಅಳತೆಯಿದೆ. ಕಡೆಯಲ್ಲಿ, ಚೌಕಟ್ಟಿಲ್ಲದ ಕನ್ನಡಿಯನ್ನು ಮಾದರಿಯ ಮೇಲೆ ಓರೆಯಾಗಿ ನಿಲ್ಲಿಸಿ ಅಂಚಿನ ಮೂಲೆಯನ್ನು ಹೇಗೆ ಕೂಡಿಸಬಹುದೆಂಬ ಉಪಾಯವನ್ನೂ ಚಿತ್ರಸಮೇತ ತೋರಿಸಿರುವಳು.

ಈ ಗ್ರಂಥದಲ್ಲಿ ವ್ಯಾಪಾರದ ಉದ್ದೇಶವೂ ಇತ್ತೆಂಬುದನ್ನು ಮರೆಮಾಡಲಾಗದು. ಚಿತ್ರಗಳ ಕೆಳಗೆ ಆ ಕಂಪೆನಿಯ ದಾರದ ಹೆಸರೂ ಅಂಕೆಯೂ ಅಚ್ಚಾಗಿರುವುವು. ಆದರೂ ಬೇರೆ ದಾರದಿಂದ ಹೊಲಿಯುವವಳಿಗೂ ಪಾಠವು ಅಷ್ಟೇ ಉಪಯುಕ್ತವಾಗಿದೆ. ಪುಸ್ತಕವು 17 ಭಾಷೆಗಳಿಗೆ ಪರಿವರ್ತನೆಯಾಯಿತು. ದಿಲ್ಲಿಯಿಂದ ಲಂಡನ್ನಿನವರೆಗೂ ಇಂಗ್ಲಿಷ್ ಬಲ್ಲ ಉಪಾಧ್ಯಾಯಿನಿಯರಿಗೆ ಅದು ಎಟುಕುವಂತಾಯಿತು.

ಗ್ರಂಥಕರ್ತಳಿಗಾದರೋ ದೀರ್ಘಾಯುಷ್ಯವು ಲಭಿಸಲಿಲ್ಲ. 1889ರಲ್ಲಿ ವಿವಾಹವಾಯಿತು, 1890ನೆಯ ಇಸವಿ ಮೇ 22ನೆಯ ತಾರೀಖಿನಲ್ಲಿ ಜರ್ಮನಿಯ ಬಾಡೆನ್-ಬಾಡೆನ್ ಎಂಬಲ್ಲಿ ತನ್ನ 43ನೆಯ ವಯಸ್ಸಿನಲ್ಲಿ ಈಕೆಯು ಇಹಲೋಕವನ್ನು ಬಿಟ್ಟಳು. ಪುಸ್ತಕವು ಪ್ರಕಟವಾಗಿ ಆಗ ನಾಲ್ಕು ವರುಷಗಳಷ್ಟೇ ಕಳೆದಿದ್ದವು. ಅದನ್ನು ಬರೆಯದೆ ಇನ್ನೂ ಸ್ವಲ್ಪ ಕಾಲ ಕಾಯೋಣವೆಂದುಕೊಂಡಿದ್ದರೆ, ಆ ಕೈಯ ವಿದ್ಯೆಯೆಲ್ಲಾ ಕೈಯೊಡನೆಯೇ ಹೋಗುತ್ತಿತ್ತು.

ಇದನ್ನು ಯೋಚಿಸುವಾಗ ನಮ್ಮ ನಾಡಿನ ಕಸೂತಿಯು ನೆನಪಿಗೆ ಬಾರದಿರದು. ಧಾರವಾಡದ ಸೀಮೆಯ ಸ್ತ್ರೀಯರು ಬಟ್ಟೆಯ ಎಳೆಗಳನ್ನೆಣಿಸಿ, ಗಂಟು ಹಾಕದೆ, ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂಬ ಹೊಲಿಗೆಗಳಿಂದ ಗೋಪುರವನ್ನೂ ತೇರನ್ನೂ ಆನೆಯನ್ನೂ ಸೀರೆಯ ಮೇಲೆ ಮೂಡಿಸಿದರು. ಗವಂತಿಯೂ ಮುರ್ಗಿಯೂ ಬಟ್ಟೆಯ ಎರಡು ಮೈಗಳಲ್ಲಿಯೂ ಒಂದೇ ಸಮನಾಗಿ ಕಾಣುವುವು. ಇದು ತಾಯಿಯಿಂದ ಮಗಳಿಗೆ ಕೈಯಿಂದ ಕೈಗೆ ಬಂದ ವಿದ್ಯೆ. ಮಗಳು ಕಲಿಯದೆ ಹೋದ ಮನೆಯಲ್ಲಿ ಅದು ಅಲ್ಲಿಗೇ ನಿಂತಿತು. ನಮ್ಮಲ್ಲಿಯೂ ಕೆಲವರ ಪೆಟ್ಟಿಗೆಯಲ್ಲಿ ಅಜ್ಜಿಯ ಕೈಯ ಸೆರಗೊಂದು ಮಡಿಸಿಟ್ಟಿದೆ. ಅದರ ಮೊದಲನೆಯ ಎಳೆ ಎಲ್ಲಿ ತೊಡಗಿತೆಂದು ಹೇಳಬಲ್ಲವರು ಮನೆಯಲ್ಲಿ ಇಲ್ಲ. ಅಜ್ಜಿಯು ಬದುಕಿದ್ದಾಗ ನಾವು ಕೇಳಿ ಬರೆದಿಟ್ಟುಕೊಳ್ಳಲಿಲ್ಲ. ಈ ತಪ್ಪು ನಮ್ಮದೇ.

ಇನ್ನೊಂದು ಮಾತು. ಪುಸ್ತಕವನ್ನು ಕೊಂಡು ಗಾಜಿನ ಬೀರುವಿನಲ್ಲಿ ಬೀಗ ಹಾಕಿಟ್ಟ ಮಾತ್ರಕ್ಕೆ ವಿದ್ಯೆಯು ನಮ್ಮದಾಗದು. ತೆರೇಸಳು ಬರೆದುದು ಮೊಣಕಾಲ ಪಕ್ಕದಲ್ಲಿ ತೆರೆದಿಟ್ಟುಕೊಂಡು, ಒಂದು ಸಾಲನ್ನು ಓದಿ ಒಂದು ಹೊಲಿಗೆಯನ್ನು ಹಾಕಿ, ತಪ್ಪಿದರೆ ಬಿಚ್ಚಿ ಮತ್ತೆ ಓದಬೇಕಾದ ಪುಸ್ತಕ. ಹಾಳೆಗಳು ಮಾಸಿ, ನಡುವೆ ಬಣ್ಣದ ಎಳೆಯೊಂದು ಸಿಕ್ಕಿಕೊಂಡಿದ್ದರೆ, ಆ ಪ್ರತಿಯು ಸರಿಯಾದ ಒಡತಿಯ ಕೈ ಸೇರಿದೆಯೆಂದು ತಿಳಿಯಬಹುದು. ಈಗ ಗ್ರಂಥಸ್ವಾಮ್ಯದ ಅವಧಿಯು ಮುಗಿದಿರುವುದರಿಂದ ಅದು ವೆಚ್ಚವಿಲ್ಲದೆಯೂ ಓದಲು ದೊರೆಯುತ್ತದೆ.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಪೋಷಕರಲ್ಲಿಯೂ ನಮ್ಮ ವಿಜ್ಞಾಪನೆಯು ಇಷ್ಟೇ: ಮನೆಯಲ್ಲಿ ಹೊಲಿಗೆ ಬಲ್ಲ ಹಿರಿಯರಿದ್ದರೆ ಈ ರಜೆಯಲ್ಲಿಯೇ ಮಕ್ಕಳನ್ನು ಅವರ ಬಳಿ ಕೂರಿಸಿರಿ, ಒಂದು ನೋಟುಬುಕ್ಕನ್ನೂ ಕೈಗೆ ಕೊಡಿರಿ. ದೊರ್ಕಳ ಔದಾರ್ಯವೂ ತೆರೇಸಳ ಶ್ರದ್ಧೆಯೂ ನಮ್ಮ ಹೆಣ್ಣುಮಕ್ಕಳಲ್ಲಿ ಕೂಡಿರುವಂತೆ ದೇವರು ಅನುಗ್ರಹಿಸಲಿ.