ಉಡುಪಿಯ ಹಾಜಿ ಅಬ್ದುಲ್ಲಾ ಸಾಹೇಬರು

ನಂದಿದುರ್ಗ ಗಣಿಯ ಮಕ್ಕಳಾದ ನಮಗೆ ಬಂಗಾರ ತೆಗೆದವರ ಕಥೆ ಗೊತ್ತು; ಬ್ಯಾಂಕು ಕಟ್ಟಿದವರದು ಗೊತ್ತಿರಲಿಲ್ಲ. ಬಿ.ಇ. ಮುಗಿಸಿ ಬ್ಯಾಂಕುಗಳ ಸಾಫ್ಟ್‌ವೇರ್ ಬರೆಯುವ ಕೆಲಸಕ್ಕೆ ಸೇರಿದ ಮೇಲೆ ಉಡುಪಿಯ ವ್ಯಾಪಾರಿ ಹಾಜಿ ಅಬ್ದುಲ್ಲಾ ಸಾಹೇಬರ ಬಗ್ಗೆ ಓದಿದೆ.

1906ರಲ್ಲಿ ಅವರ ಮುಂದಾಳತ್ವದಲ್ಲಿ ಶುರುವಾದ ಬ್ಯಾಂಕೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಮೂಲ ಬಂಡವಾಳ 5,000 ರೂಪಾಯಿ. ಮೊದಲ ದಿನ ಕೂಡಿದ್ದು 38 ರೂಪಾಯಿ 13 ಆಣೆ 2 ಪೈ. ಪೈಯನ್ನೂ ಬಿಡದ ಆ ಲೆಕ್ಕ ನನಗೆ ಬಹಳ ಹಿಡಿಸಿತು. ದೈವಭಕ್ತ ಮುಸ್ಲಿಮರಾದ ಅವರು ಕೃಷ್ಣಮಠದ ಲಕ್ಷದೀಪೋತ್ಸವವನ್ನೂ ನಡೆಸಿಕೊಟ್ಟರು, ಆಸ್ಪತ್ರೆಗೆ ಜಾಗ ಕೊಟ್ಟರು, ಮದರಾಸು ಶಾಸನಸಭೆಯಲ್ಲೂ ಕುಳಿತರು.

ಕೊನೆಗಾಲದಲ್ಲಿ ಸಂಪತ್ತು ಕರಗಿತು, 1935ರಲ್ಲಿ ತೀರಿಕೊಂಡರು. 2001ರಲ್ಲಿ ನಮ್ಮ ಗಣಿ ಮುಚ್ಚಿದ್ದನ್ನು ಕಂಡ ನನಗೆ ಇದು ಬೇರೆಯವರ ಕಥೆ ಅನ್ನಿಸಲಿಲ್ಲ. 2020ರಲ್ಲಿ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಗಿ, ಹಳೆಯ ಹೆಸರು ಬೋರ್ಡುಗಳಿಂದ ಹೋಯಿತು.