ಸಮವಸ್ತ್ರ ಕಳಚಿದ ಮೇಲೂ ಸೈನಿಕರ ಜೊತೆ

ಕೆಂಪಾಪುರದಲ್ಲಿ ರೂಮ್ ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮಗೆಲ್ಲ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಎಂದರೆ ಒಂದು ಅಂಕದ ಪ್ರಶ್ನೆ: 1949ರ ಜನವರಿ 15, ಸೇನೆಯ ಮೊದಲ ಭಾರತೀಯ ಮುಖ್ಯಸ್ಥ. ನನಗೆ ಹೆಚ್ಚು ಇಷ್ಟವಾಗುವುದು ಅವರ ನಿವೃತ್ತಿಯ ನಂತರದ ಬದುಕು.

ಕೊಡಗಿನ ಈ ವೀರ 1953ರಲ್ಲಿ ನಿವೃತ್ತರಾದರೂ ಸೈನಿಕರ ಕೈ ಬಿಡಲಿಲ್ಲ. ಸಿಪಾಯಿಗಳು ನಲವತ್ತರ ಆಸುಪಾಸಿನಲ್ಲೇ ಮನೆಗೆ ಮರಳುತ್ತಾರೆ. ಮುಂದಿನ ಬದುಕು ದೊಡ್ಡದು. ಅಂಥವರ ದನಿಯಾಗಿ 1964ರಲ್ಲಿ ಮಾಜಿ ಸೈನಿಕರ ಲೀಗ್ ಕಟ್ಟಿದರು. 1993ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು.

ಅವರು ಮುಖ್ಯಸ್ಥರಾದ ವರ್ಷವೇ ಡಿಸೆಂಬರ್ 7ರ ಧ್ವಜ ದಿನಾಚರಣೆ ಶುರುವಾಯಿತು. ಅಂದು ನಾವು ಕೊಡುವ ಹಣ ಸೇರುವ ನಿಧಿಯಿಂದಲೇ, ಬೆನ್ನುಹುರಿಗೆ ಪೆಟ್ಟಾದ ಯೋಧರು ನೆಲೆಸಿರುವ ಪುಣೆಯ ಖಡ್ಕಿ ಕೇಂದ್ರಕ್ಕೂ ನೆರವು ಹೋಗುತ್ತದೆ. ನೋಡಿಕೊಳ್ಳುವವರಿಲ್ಲದ ವೃದ್ಧ ಯೋಧರಿಗೆ ಸರ್ಕಾರವೇ ವಸತಿಗೃಹ ನಡೆಸಬೇಕು, ಬಜೆಟ್‌ನಲ್ಲೇ ಹಣ ಇಡಬೇಕು. ನಮ್ಮ ಪಾಲಿನದನ್ನು ಡಿಸೆಂಬರ್ 7ರಂದು ಕೊಡೋಣ.